ದಿನದ ಹಂಚಿಕೆ: ಸಾರ್ವಜನಿಕ ದೂರದರ್ಶನದ ಕಾರ್ಯಕ್ರಮ ಪಟ್ಟಿ ಮತ್ತು ಬೆಂಗಳೂರಿನ ಶಿಫ್ಟ್ ಬದುಕು

ಸಾರ್ವಜನಿಕ ಪ್ರಸಾರ ಸಂಸ್ಥೆಯ ಒಂದು ದಿನದ ಕಾರ್ಯಕ್ರಮ ಪಟ್ಟಿ ಎಂದರೆ ಹೊತ್ತನ್ನು ಬೇರೆ ಬೇರೆ ಜನರಿಗೆ ಹಂಚಿಕೊಟ್ಟ ಲೆಕ್ಕ. ಬೆಳಗಿನ ಸಂದರ್ಶನ, ಮಕ್ಕಳ ಪಾಠ, ಧಾರಾವಾಹಿ, ರೈತರ ಕಾರ್ಯಕ್ರಮ, ವಾರ್ತೆ, ಸಂಗೀತ, ರಸಪ್ರಶ್ನೆ ಇವೆಲ್ಲ ಒಂದೇ ವಾಹಿನಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಖಾಸಗಿ ವಾಹಿನಿಗೆ ಇಂಥ ಮಿಶ್ರಣ ಬೇಕಿಲ್ಲ. ಸುದ್ದಿಗೆ ಒಂದು, ಸಿನಿಮಾಕ್ಕೆ ಒಂದು, ಹಾಡಿಗೆ ಇನ್ನೊಂದು ಎಂದು ವಾಹಿನಿಗಳನ್ನೇ ಬೇರೆ ಮಾಡಿ, ಒಂದೊಂದರಲ್ಲೂ ದಿನವಿಡೀ ಒಂದೇ ಬಗೆಯ ಸರಕನ್ನು ಕೊಡುವುದು ಅದಕ್ಕೆ ಲಾಭ. ಎಲ್ಲರ ದುಡ್ಡಿನಿಂದ ನಡೆಯುವ ಸಂಸ್ಥೆ ಎಲ್ಲರಿಗೂ ಏನಾದರೂ ಕೊಡಬೇಕು. ಕಾರ್ಯಕ್ರಮಗಳ ವೈವಿಧ್ಯ ಹುಟ್ಟುವುದು ಈ ಹೊಣೆಯಿಂದ. ಕನ್ನಡದಲ್ಲಿ ಅದನ್ನು ಹೊತ್ತಿರುವುದು ಬೆಂಗಳೂರು ದೂರದರ್ಶನ ಕೇಂದ್ರದ ಚಂದನ ವಾಹಿನಿ. ಗಡಿಯಾರವೇ ಬೇರೆಯಾಗಿರುವ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಹಂಚಿಕೆ ಏನಾಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ಮಾದರಿ ಬಂದ ಬಗೆ

ದಿನವನ್ನು ಹೀಗೆ ಹಂಚುವ ಕ್ರಮಕ್ಕೆ ಮೊದಲ ಮಾದರಿ ಬ್ರಿಟನ್ನಿನ ಬಿಬಿಸಿ. ರಾಜಸನ್ನದಿನ ಮೂಲಕ 1927ರಲ್ಲಿ ಸಾರ್ವಜನಿಕ ನಿಗಮವಾದ ಈ ಸಂಸ್ಥೆ, 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ನಿತ್ಯದ ಟೆಲಿವಿಷನ್ ಪ್ರಸಾರ ಶುರುಮಾಡಿತು. ತಿಳಿವಳಿಕೆ, ಶಿಕ್ಷಣ, ಮನರಂಜನೆ ಈ ಮೂರೂ ಪ್ರಸಾರದ ಕೆಲಸ ಎಂಬುದು ಅದರ ಮೊದಲ ಮುಖ್ಯಸ್ಥ ಜಾನ್ ರೀತ್ ಹಾಕಿಕೊಟ್ಟ ಸೂತ್ರ. ಖರ್ಚು ನಡೆದದ್ದು ಮನೆಮನೆಯಿಂದ ವಸೂಲಾಗುವ ಲೈಸೆನ್ಸ್ ಶುಲ್ಕದಿಂದ. ಆದ್ದರಿಂದ ಶುಲ್ಕ ಕಟ್ಟುವ ಪ್ರತಿ ಮನೆಗೂ ದಿನದಲ್ಲಿ ಒಂದು ಪಾಲು ಸಿಗಬೇಕೆಂಬ ನಿರೀಕ್ಷೆ ಬೆಳೆಯಿತು.

ಆ ದಿನ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೂ ಬಹುಕಾಲ ಸಾರ್ವಜನಿಕ ತೀರ್ಮಾನವೇ ಆಗಿತ್ತು. ಮಕ್ಕಳನ್ನು ಮಲಗಿಸಲು ಅನುಕೂಲವಾಗಲೆಂದು ಬ್ರಿಟನ್ನಿನಲ್ಲಿ ಸಂಜೆ ಆರರಿಂದ ಏಳರವರೆಗೆ ತೆರೆಯನ್ನು ಖಾಲಿ ಬಿಡಲಾಗುತ್ತಿತ್ತು. ಈ ಪದ್ಧತಿ ಕೊನೆಗೊಂಡದ್ದು 1957ರಲ್ಲಿ. ಎರಡನೆಯ ವಾಹಿನಿ ಬಂದದ್ದು 1964ರಲ್ಲಿ. ಬೆಳಗಿನ ಉಪಾಹಾರದ ಹೊತ್ತಿನ ಕಾರ್ಯಕ್ರಮ ಸೇರಿದ್ದು 1983ರಲ್ಲಿ. ಹಗಲಿಡೀ ಬಿಡುವಿಲ್ಲದ ಕಾರ್ಯಕ್ರಮಗಳು ಬಂದದ್ದು 1986ರಲ್ಲಿ. ಅಂದರೆ ಇಂದು ಸಹಜವೆನಿಸುವ ತುಂಬಿದ ದಿನ ಅರ್ಧ ಶತಮಾನದಲ್ಲಿ ತುಂಡುತುಂಡಾಗಿ ಕೂಡಿಬಂದದ್ದು. ಪ್ರತಿ ತುಂಡು ಸೇರುವಾಗಲೂ ಆ ಹೊತ್ತಿನಲ್ಲಿ ಮನೆಯಲ್ಲಿ ಇರುವವರು ಯಾರು ಎಂಬ ಲೆಕ್ಕಾಚಾರ ನಡೆಯಿತು.

ಭಾರತದಲ್ಲಿ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾಯಿತು. ರೈತರಿಗಾಗಿ ಕೃಷಿ ದರ್ಶನ 1967ರ ಜನವರಿ 26ರಂದು ಬಂತು. ಆಕಾಶವಾಣಿಯಿಂದ ದೂರದರ್ಶನ ಬೇರೆಯಾದದ್ದು 1976ರಲ್ಲಿ. ಜಾಹೀರಾತುಗಳು ಬಂದದ್ದೂ ಅದೇ ವರ್ಷ. ಇಲ್ಲಿಯೂ ರೇಡಿಯೊ, ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1980ರ ದಶಕದ ನಡುವೆ ಅದು ರದ್ದಾಯಿತು. ಅಲ್ಲಿಂದ ಮುಂದೆ ಸರ್ಕಾರದ ಅನುದಾನ ಒಂದು ಕೈ, ಜಾಹೀರಾತು ಇನ್ನೊಂದು ಕೈ. ಬಿಬಿಸಿಗಿಂತ ದೂರದರ್ಶನ ಬೇರೆಯಾಗುವುದು ಇಲ್ಲಿ.

ಕರ್ನಾಟಕದ ಮೊದಲ ಪಟ್ಟಿ: ಹಳ್ಳಿಯ ಗಡಿಯಾರ

ಕರ್ನಾಟಕಕ್ಕೆ ಟಿವಿ ಬಂದದ್ದು ಬೆಂಗಳೂರಿನ ಮೂಲಕ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ನೇರವಾಗಿ ಕಳಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಊರಿಗೆ ಒಂದು ಟಿವಿ. ಮೇಲೆ ತಂತಿಬಲೆಯ ಡಿಶ್, ಮುಂದೆ ನೆಲದ ಮೇಲೆ ಕೂತ ಊರು.

ಆ ಪಟ್ಟಿ ಬಹಳ ಸರಳ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಸಂಜೆಯ ಪಾಲಿನಲ್ಲಿ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು, ನಾಟಕ. ಹೊಲದಿಂದ ಬಂದು, ದನ ಕಟ್ಟಿ, ಊಟ ಮುಗಿಸುವ ಹೊತ್ತು ಇಡೀ ಊರಿಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾರಿಗೆ ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಸೈಟ್ ಮುಗಿದ ಬಳಿಕ, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನ ಶುರುವಾಯಿತು. ಬೆಂಗಳೂರಿನ ಸರದಿ ಬಂದದ್ದು 1980ರ ದಶಕದ ಆರಂಭದಲ್ಲಿ.

ಬೆಂಗಳೂರಿನ ಹೊರವಲಯ ಈ ಕಥೆಯಲ್ಲಿ ಮೊದಲು ಕಾಣಿಸುವುದು ನೋಡುಗನಾಗಿ ಅಲ್ಲ, ಕಟ್ಟುವವನಾಗಿ. ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ನೇತೃತ್ವದಲ್ಲಿ. 360 ಕಿಲೊ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. 1981ರ ಜೂನ್ 19ರಂದು ಹಾರಿದ ಪ್ರಾಯೋಗಿಕ ಸಂವಹನ ಉಪಗ್ರಹ ಆಪಲ್, ಎತ್ತಿನ ಗಾಡಿಯ ಮೇಲೆ ಕೂತ ಚಿತ್ರದಿಂದ ಹೆಸರಾಗಿದೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿ ಆ ಕೆಲಸಕ್ಕೆ ಒದಗಿತು. ಟಿವಿ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ಸಾಗಿಸುವ ಪ್ರಯೋಗಗಳು ಆಪಲ್ ಮೂಲಕ ನಡೆದವು. ಪೀಣ್ಯಕ್ಕೆ ಅಂಟಿಕೊಂಡಂತಿರುವ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್, ಆಕಾಶವಾಣಿ ಮತ್ತು ದೂರದರ್ಶನಕ್ಕೆ ಟ್ರಾನ್ಸ್‌ಮಿಟರುಗಳನ್ನೂ ಸ್ಟುಡಿಯೊ ಉಪಕರಣಗಳನ್ನೂ ಒದಗಿಸಿತು. ನಗರದ ದಕ್ಷಿಣ ಅಂಚಿನಲ್ಲಿ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿದ್ದು 1970ರ ದಶಕದ ಕೊನೆಯಲ್ಲಿ.

ಚಂದನದ ದಿನ

ದೂರದರ್ಶನದ ಒಳಗೆ ದಿನದ ಹಂಚಿಕೆಗೆ ಫಿಕ್ಸೆಡ್ ಪಾಯಿಂಟ್ ಚಾರ್ಟ್ ಎಂದು ಹೆಸರು, ಬಾಯಿಮಾತಿನಲ್ಲಿ ಎಫ್‌ಪಿಸಿ. ವಾರ್ತೆಯಂಥ ಅಲುಗದ ಹೊತ್ತುಗಳನ್ನು ಮೊದಲು ನೆಟ್ಟು, ಉಳಿದದ್ದನ್ನು ಅವುಗಳ ನಡುವೆ ಹೊಂದಿಸುತ್ತಾರೆ. ಇದರಿಂದ ಆಯಾ ದಿನದ ಕ್ಯೂ ಶೀಟ್ ತಯಾರಾಗುತ್ತದೆ. ಯಾವ ನಿಮಿಷ ಯಾವ ಸೆಕೆಂಡಿಗೆ ಏನು, ಎಷ್ಟು ಹೊತ್ತು, ಯಾವ ಟೇಪು ಅಥವಾ ಫೈಲು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಅರ್ಧ ಗಂಟೆಯ ಜಾಗಕ್ಕೆ ಬಂದ ಕಾರ್ಯಕ್ರಮ ಇಪ್ಪತ್ತಾರು ನಿಮಿಷಕ್ಕೇ ಮುಗಿದರೆ ಉಳಿದ ನಾಲ್ಕು ನಿಮಿಷಕ್ಕೆ ಫಿಲ್ಲರ್ ಬೇಕು. ಒಂದು ಭಾವಗೀತೆಯೋ ಲಸಿಕೆಯ ಪ್ರಕಟಣೆಯೋ ಅಲ್ಲಿ ಬಂದು ಕೂರುತ್ತದೆ. ಯಾರೂ ಕಾದು ನೋಡದ, ಆದರೆ ಕಂಡವರು ಮರೆಯದ ಎಷ್ಟೋ ಹಾಡುಗಳು ಮನೆಗಳಿಗೆ ಬಂದದ್ದು ಈ ತೆರಪಿನಲ್ಲಿ.

ಬೆಂಗಳೂರು ಕೇಂದ್ರದ ಆರಂಭದ ವರ್ಷಗಳಲ್ಲಿ ಕನ್ನಡಕ್ಕೆ ದಿನವಿಡೀ ಸಿಗುತ್ತಿರಲಿಲ್ಲ. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ರಾತ್ರಿಯ ಮುಖ್ಯ ಹೊತ್ತು ದೆಹಲಿಯ ಪಾಲಾಯಿತು, ಕನ್ನಡಕ್ಕೆ ಉಳಿದದ್ದು ಸಂಜೆಯ ಕೆಲವು ಗಂಟೆ. ಆ ಇಕ್ಕಟ್ಟಿನಲ್ಲೇ ಸಿನಿಮಾ ಹಾಡುಗಳ ಚಿತ್ರಮಂಜರಿ ಮನೆಮಾತಾಯಿತು. ಸಿಹಿಕಹಿ ಧಾರಾವಾಹಿ ಅದರ ನಟ ಚಂದ್ರು, ನಟಿ ಗೀತಾ ಅವರ ಹೆಸರಿನ ಮುಂದೆ ಶಾಶ್ವತವಾಗಿ ನಿಂತಿತು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಮಾಲ್ಗುಡಿ ಡೇಸ್ ರಾಷ್ಟ್ರೀಯ ಜಾಲದಲ್ಲಿ ಬಂದು ಕರ್ನಾಟಕದ ಊರೊಂದನ್ನು ಇಡೀ ದೇಶಕ್ಕೆ ತೋರಿಸಿತು. 1990ರ ದಶಕದ ಆರಂಭದಲ್ಲಿ ಸದಾನಂದ ಸುವರ್ಣ ಅವರ ಗುಡ್ಡದ ಭೂತ ಕರಾವಳಿಯ ಬದುಕನ್ನು ರಾಜ್ಯದ ಒಳನಾಡಿಗೆ ಪರಿಚಯಿಸಿತು. ಕನ್ನಡಕ್ಕೆಂದೇ ಪ್ರತ್ಯೇಕ ವಾಹಿನಿ ಬಂದದ್ದು ಡಿಡಿ 9 ಎಂಬ ಹೆಸರಿನಲ್ಲಿ. ಅದೇ ಮುಂದೆ ಚಂದನ ಎನಿಸಿಕೊಂಡಿತು. 1998ರಲ್ಲಿ ಬಂದ ಮಾಯಾಮೃಗ, ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ಜಂಟಿ ಸೃಷ್ಟಿ. ಹಗಲು ಇಳಿಯುವ ಹೊತ್ತಿನಲ್ಲೂ ದಿನವಹಿ ಧಾರಾವಾಹಿಗೆ ಜನ ಕಾದು ಕೂರುತ್ತಾರೆ ಎಂಬುದನ್ನು ಅದು ತೋರಿಸಿತು.

ಚಂದನದ ದಿನ ಸ್ಥೂಲವಾಗಿ ಹೀಗೆ ಸಾಗುತ್ತದೆ. ಬೆಳಿಗ್ಗೆ ಭಕ್ತಿಸಂಗೀತ, ಆಮೇಲೆ ಸಾಧಕರೊಬ್ಬರನ್ನು ಕೂರಿಸಿಕೊಂಡು ಮಾತನಾಡಿಸುವ ಬೆಳಗು. ಹಗಲಿನಲ್ಲಿ ಮರುಪ್ರಸಾರ, ಹಳೆಯ ಧಾರಾವಾಹಿ, ಮಹಿಳೆಯರ ಮತ್ತು ಮಕ್ಕಳ ಕಾರ್ಯಕ್ರಮ. ಸಂಜೆ ಕೃಷಿ ದರ್ಶನ, ವಾರ್ತೆ. ರಾತ್ರಿ ಸಂಗೀತ, ಚರ್ಚೆ, ರಸಪ್ರಶ್ನೆ. ವಾರದ ದಿನಕ್ಕೆ ತಕ್ಕಂತೆ ನಡುನಡುವೆ ಯಕ್ಷಗಾನ, ಹರಿಕಥೆ, ಸಿನಿಮಾ.

ಈ ಸಾಲಿನಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ಥಟ್ ಅಂತ ಹೇಳಿ 2002ರ ಜನವರಿಯಲ್ಲಿ ಶುರುವಾದ ರಸಪ್ರಶ್ನೆ. ನಡೆಸಿಕೊಡುವವರು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ. ಸ್ಪರ್ಧಿಗಳು ಮೂವರು. ಪ್ರಶ್ನೆ ಕನ್ನಡದಲ್ಲಿ, ಉತ್ತರವೂ ಕನ್ನಡದಲ್ಲಿ. ಸರಿಯುತ್ತರಕ್ಕೆ ಕೈಗೆ ಬರುವುದು ಕನ್ನಡ ಪುಸ್ತಕ. ಒಂದು ಪ್ರಶ್ನೆ ವಚನಕಾರರ ಬಗ್ಗೆ ಇದ್ದರೆ ಮುಂದಿನದು ಮೂತ್ರಪಿಂಡದ ಬಗ್ಗೆ, ಅದರ ಮುಂದಿನದು ಹಳೆಯ ಚಿತ್ರಗೀತೆಯ ಬಗ್ಗೆ ಇರಬಹುದು. ಲಕ್ಷ, ಕೋಟಿಗಳ ಆಮಿಷವಿಲ್ಲದೆ ಮೂರು ಸಾವಿರಕ್ಕೂ ಹೆಚ್ಚು ಕಂತು ನಡೆದ ಕಾರ್ಯಕ್ರಮವಿದು. ಹೊರಗಿನ ದಿನಪಟ್ಟಿಯ ಬೆರಕೆ ಇದರೊಳಗೂ ಇದೆ. ಸಾಹಿತ್ಯಕ್ಕೆಂದು ಕೂತವರ ಕಿವಿಗೆ ವಿಜ್ಞಾನ ಬೀಳುತ್ತದೆ, ಸಿನಿಮಾಕ್ಕೆಂದು ಕೂತವರಿಗೆ ಇತಿಹಾಸ ಸಿಗುತ್ತದೆ.

ಕಾನೂನಿನ ಹೊಣೆ

ಈ ವೈವಿಧ್ಯ ಯಾರದೋ ಅಭಿರುಚಿಗೆ ಬಿಟ್ಟದ್ದಲ್ಲ. ದೂರದರ್ಶನ, ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿಗಾಗಿ 1990ರಲ್ಲಿ ಕಾಯ್ದೆಯಾಯಿತು, ಅದು ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಕಲಂ ಪ್ರಸಾರದ ಕರ್ತವ್ಯಗಳನ್ನು ಪಟ್ಟಿಮಾಡುತ್ತದೆ. ಶಿಕ್ಷಣ, ಕೃಷಿ, ಗ್ರಾಮಾಭಿವೃದ್ಧಿ, ಪರಿಸರ, ಆರೋಗ್ಯ, ವಿಜ್ಞಾನಗಳಿಗೆ ಗಮನ, ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಜಾಗ, ಕ್ರೀಡೆ, ಯುವಜನ, ಮಹಿಳೆಯರು, ಮಕ್ಕಳು, ಗಡಿಭಾಗದವರು ಎಲ್ಲರೂ ಅದರಲ್ಲಿ ಬರುತ್ತಾರೆ. ದುಡಿಯುವ ವರ್ಗದ ಹಕ್ಕುಗಳ ರಕ್ಷಣೆ ಮತ್ತು ಅವರ ಏಳಿಗೆಯನ್ನೂ ಕಲಂ ಹೆಸರಿಸಿ ಹೇಳುತ್ತದೆ. ಆಕಾಶವಾಣಿಯಲ್ಲಿ ಕೈಗಾರಿಕಾ ಕಾರ್ಮಿಕರ ಕಾರ್ಯಕ್ರಮ ಎಂಬ ಬಗೆಯೇ ಇತ್ತು. ಟಿವಿಯಲ್ಲಿ ರೈತನಿಗೆ ಸಿಕ್ಕಷ್ಟು ಗಟ್ಟಿಯಾದ ಜಾಗ ಕಾರ್ಖಾನೆಯ ಕಾರ್ಮಿಕನಿಗೆ ಸಿಗಲಿಲ್ಲ.

ಮನೆಗೆ ತಲುಪುವ ದಾರಿಗೂ ಕಾನೂನಿನ ಬೆಂಬಲವಿದೆ. 1995ರ ಕೇಬಲ್ ಕಾಯ್ದೆಯ 8ನೇ ಕಲಂ ಪ್ರಕಾರ ಕೇಬಲ್‌ನವರು ದೂರದರ್ಶನದ ವಾಹಿನಿಗಳನ್ನೂ ಆಯಾ ರಾಜ್ಯದ ಭಾಷೆಯ ವಾಹಿನಿಯನ್ನೂ ಕಡ್ಡಾಯವಾಗಿ ಕೊಡಬೇಕು. 2004ರಲ್ಲಿ ಶುರುವಾದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರಗಳ ವಠಾರಗಳ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕಾಣುವ ಡಿಶ್‌ಗಳಲ್ಲಿ ಇದರದೂ ಪಾಲಿದೆ.

ಶಿಫ್ಟಿನ ಊರಿನಲ್ಲಿ ಸಂಜೆ

ಎಫ್‌ಪಿಸಿ ಒಂದು ಊಹೆಯ ಮೇಲೆ ನಿಂತಿದೆ. ಹಗಲು ದುಡಿಮೆ, ಸಂಜೆ ಮನೆ, ರಾತ್ರಿ ನಿದ್ದೆ. ಬೆಂಗಳೂರಿನ ಹೊರವಲಯದಲ್ಲಿ ಈ ಊಹೆ ಎಲ್ಲರಿಗೂ ಒಪ್ಪುವುದಿಲ್ಲ.

ಪೀಣ್ಯದಲ್ಲಿ ಮೂರು ಶಿಫ್ಟ್ ನಡೆಸುವ ಕಾರ್ಖಾನೆಗಳ ಸಾಮಾನ್ಯ ಲೆಕ್ಕ ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಆರು. ಇದರ ಜೊತೆಗೆ ಒಂಬತ್ತರ ಸುಮಾರಿನ ಜನರಲ್ ಶಿಫ್ಟ್. ಫಸ್ಟ್ ಶಿಫ್ಟಿನವರಿಗೆ ಬೆಳಗಿನ ಸಂದರ್ಶನ ತಪ್ಪುತ್ತದೆ, ಮಧ್ಯಾಹ್ನದ ಮರುಪ್ರಸಾರ ಸಿಗುತ್ತದೆ. ಸೆಕೆಂಡ್ ಶಿಫ್ಟಿನವರು ಗೇಟಿನಿಂದ ಹೊರಬರುವಷ್ಟರಲ್ಲಿ ವಾರ್ತೆ, ಸಂಗೀತ, ರಸಪ್ರಶ್ನೆ ಮುಗಿದಿರುತ್ತವೆ. ನೈಟ್ ಶಿಫ್ಟಿನವರಿಗೆ ಹಗಲೇ ರಾತ್ರಿ. ಶಿಫ್ಟ್ ವಾರವಾರವೂ ತಿರುಗುವಲ್ಲಿ, ಒಂದೇ ಹೊತ್ತಿಗೆ ಬರುವ ಧಾರಾವಾಹಿಯನ್ನು ಅದೇ ಮನುಷ್ಯ ಎಲ್ಲ ವಾರವೂ ತಪ್ಪದೆ ನೋಡಲಾರ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಹಗಲಿನ ಒಂದೇ ಪಾಳಿಯಿದ್ದರೂ ಸಂಜೆಯ ಹೊತ್ತು ಬಸ್ಸು, ಸೊಪ್ಪು ತರಕಾರಿ, ನೀರು, ಅಡುಗೆಗೆ ಹೋಗುತ್ತದೆ. ಅವರ ಪಾಲಿಗೆ ಟಿವಿ ಅಡುಗೆಮನೆಯಿಂದ ಕೇಳುವ ದನಿ. ಆ ಹೊತ್ತಿಗೆ ಮಾತು ಹೆಚ್ಚಿರುವ ಕಾರ್ಯಕ್ರಮ ಹೊಂದುತ್ತದೆ. ಕಣ್ಣಿಟ್ಟು ನೋಡಬೇಕಾದ ನೃತ್ಯ ವ್ಯರ್ಥವಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಗಡಿಯಾರ ಇನ್ನೂ ದೂರದ್ದು. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಇಲ್ಲಿ, ಋತುವಿಗೆ ತಕ್ಕಂತೆ, ಸಂಜೆ ಆರೂವರೆ ಅಥವಾ ಏಳೂವರೆ. ಅಮೆರಿಕದ ಗ್ರಾಹಕರಿಗಾಗಿ ದುಡಿಯುವ ಇಲ್ಲಿನ ಕಚೇರಿಗಳಲ್ಲಿ ದೂರದರ್ಶನದ ಸಂಜೆಯ ವಾರ್ತೆಯ ಸುಮಾರಿಗೆ ಕೆಲಸ ಆರಂಭ. ಅದೇ ಕಟ್ಟಡದ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಬ್ ಚಾಲಕರೂ ಆ ಗಡಿಯಾರಕ್ಕೇ ಬದ್ಧರು. ಹೆಬ್ಬಗೋಡಿ, ಬೊಮ್ಮಸಂದ್ರ, ಹೂಡಿ, ಕಾಡುಗೋಡಿಗಳ ಪಿಜಿಗಳಲ್ಲಿ ಒಂದು ಟಿವಿಯ ಮುಂದೆ ಕೂರುವವರ ಭಾಷೆಗಳೂ ಹಲವು. ತೆಲುಗು, ತಮಿಳು, ಹಿಂದಿ, ಒಡಿಯಾ, ಬಂಗಾಳಿ ಮಾತಾಡುವವರ ನಡುವೆ ಕನ್ನಡ ವಾಹಿನಿ ರಿಮೋಟಿನ ಪೈಪೋಟಿಯಲ್ಲಿ ಗೆಲ್ಲುವುದು ಅಪರೂಪ.

ಸೈಟ್ ಕಾಲದ ಜಿಲ್ಲೆಗಳಿಂದಲೇ ಪೀಣ್ಯಕ್ಕೆ ಬಂದವರೂ ಸಾಕಷ್ಟಿದ್ದಾರೆ. ಅವರ ಹಿರಿಯರಿಗೆ ಊರೊಟ್ಟಿನ ಒಂದು ಸಂಜೆ ಇತ್ತು. ಈ ತಲೆಮಾರಿಗೆ ಒಂದೇ ಕೋಣೆಯಲ್ಲಿ ಇರುವ ಗಂಡಹೆಂಡತಿಗೂ ಸಂಜೆ ಒಂದೇ ಹೊತ್ತಿಗೆ ಆಗುವುದಿಲ್ಲ.

ಪಟ್ಟಿ ಮುರಿದ ಎರಡು ಸಂದರ್ಭ

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಜುಲೈಯಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳನ್ನು ಚಂದನದಲ್ಲಿ ಆರಂಭಿಸಿತು. ಮುಂದೆ ಸಂವೇದ ಎಂಬ ಹೆಸರಿನ ಪಾಠಸರಣಿ ಬಂತು. ಹಗಲಿನ ಮರುಪ್ರಸಾರದ ಜಾಗ ತರಗತಿಯಾಯಿತು. ಆನ್‌ಲೈನ್ ಪಾಠಕ್ಕೆ ಮನೆಯಲ್ಲಿ ಒಂದಾದರೂ ಸ್ಮಾರ್ಟ್‌ಫೋನ್ ಬೇಕು. ಇದ್ದ ಒಂದು ಫೋನು ಕೆಲಸಕ್ಕೆ ಹೋಗುವವರ ಜೇಬಿನಲ್ಲಿದ್ದಾಗ, ವಠಾರದ ಮಕ್ಕಳಿಗೆ ಉಳಿದದ್ದು ಟಿವಿ. ಸೈಟ್ ಪ್ರಯೋಗದ ಬೆಳಗಿನ ಪಾಲು ನಲವತ್ತೈದು ವರ್ಷಗಳ ಬಳಿಕ ಮತ್ತೆ ಬೇಕಾಯಿತು. ಪ್ರಶ್ನೆ ಕೇಳಲು ಎದುರಿಗೆ ಮೇಷ್ಟ್ರು ಇಲ್ಲದ್ದು, ತಪ್ಪಿದ ಪಾಠ ತಿರುಗಿ ಬಾರದ್ದು ಇದರ ಕೊರತೆ. ಪಾಠಗಳನ್ನು ಯೂಟ್ಯೂಬಿಗೂ ಹಾಕಿದ್ದರಿಂದ ಎರಡನೆಯದು ಒಂದಿಷ್ಟು ಕಡಿಮೆಯಾಯಿತು.

ಎರಡನೆಯ ಸಂದರ್ಭ 2023ರ ಆಗಸ್ಟ್ 23. ಅಂದು ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದು ಸಂಜೆ 6.04ಕ್ಕೆ. ಅದನ್ನು ನಿಯಂತ್ರಿಸಿದ ಕೊಠಡಿ ಇದ್ದದ್ದು ಪೀಣ್ಯದ ಇಸ್ಟ್ರಾಕ್ ಬಾಹ್ಯಾಕಾಶ ನಿಯಂತ್ರಣ ಕೇಂದ್ರದಲ್ಲಿ. ದೂರದರ್ಶನ ಅದನ್ನು ನೇರಪ್ರಸಾರ ಮಾಡಿತು. ಕೊನೆಯ ಹಂತದಲ್ಲಿ ತೆರೆಯ ಮೇಲೆ ಇದ್ದದ್ದು ಎತ್ತರ ಮತ್ತು ವೇಗದ ಅಂಕಿಗಳು, ಇಳಿಯುವ ದಾರಿಯ ಗೆರೆ, ಕಂಪ್ಯೂಟರುಗಳ ಮುಂದೆ ಕೂತ ಎಂಜಿನಿಯರುಗಳು. ನಟರಿಲ್ಲ, ಹಾಡಿಲ್ಲ. ಆದರೂ ದೇಶ ಏಕಕಾಲಕ್ಕೆ ನೋಡಿತು. ಎಲ್ಲರಿಗೂ ಒಂದೇ ಹೊತ್ತು ಎಂಬುದು ಇನ್ನೂ ಉಳಿದಿರುವುದು ಇಂಥ ನೇರಪ್ರಸಾರದಲ್ಲಿ. ಚುನಾವಣೆಯ ಎಣಿಕೆ, ಕ್ರಿಕೆಟ್ ಫೈನಲ್, ದಸರಾ ಜಂಬೂಸವಾರಿ ಇದೇ ಜಾತಿಗೆ ಸೇರುತ್ತವೆ. ಆಯ್ದ ಕ್ರೀಡೆಗಳ ಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ 2007ರ ಕಾಯ್ದೆಯ ಹಿಂದೆಯೂ ಈ ತಿಳಿವಳಿಕೆ ಇದೆ.

ಪಟ್ಟಿಯ ಮುಂದಿನ ರೂಪ

ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳಲ್ಲಿ ಬಹುಪಾಲನ್ನು ಪ್ರಸಾರ ಭಾರತಿ ಈಗ ಮುಚ್ಚಿದೆ. 2024ರ ನವೆಂಬರಿನಲ್ಲಿ ವೇವ್ಸ್ ಎಂಬ ಒಟಿಟಿ ವೇದಿಕೆಯನ್ನು ತೆರೆದಿದೆ. ಯೂಟ್ಯೂಬಿನಲ್ಲಿ ಚಂದನದ ಕಾರ್ಯಕ್ರಮಗಳು ಸಿಗುತ್ತವೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರು ರಾತ್ರಿ ಹನ್ನೊಂದಕ್ಕೆ ರಸಪ್ರಶ್ನೆ ನೋಡಬಹುದು. ಹೊತ್ತಿನ ತೊಡಕು ಇದರಿಂದ ಬಹುಮಟ್ಟಿಗೆ ಬಗೆಹರಿಯುತ್ತದೆ.

ಬಗೆಹರಿಯದೆ ಉಳಿಯುವುದು ನೆರೆಹೊರೆಯ ಪ್ರಶ್ನೆ. ಪಟ್ಟಿಯಲ್ಲಿ ವಾರ್ತೆಗೆ ಕಾದವರು ಕೃಷಿ ದರ್ಶನದ ಕೊನೆಯ ಐದು ನಿಮಿಷ ನೋಡುತ್ತಾರೆ, ಧಾರಾವಾಹಿಗೆ ಮೊದಲು ಒಂದು ಭಾವಗೀತೆ ಕೇಳುತ್ತಾರೆ. ಬೇಡಿದ್ದನ್ನು ಮಾತ್ರ ತಂದುಕೊಡುವ ವೇದಿಕೆಯಲ್ಲಿ ಪಕ್ಕದ ಕಾರ್ಯಕ್ರಮ ಎಂಬುದೇ ಇಲ್ಲ. ನೋಡಿದ್ದಕ್ಕೆ ಹೋಲುವುದೇ ಮತ್ತೆ ಮತ್ತೆ ಮುಂದೆ ಬರುತ್ತದೆ. ಹರಿಕಥೆ ಇದೆಯೆಂದು ಗೊತ್ತಿದ್ದವರು ಹುಡುಕಿ ನೋಡುತ್ತಾರೆ. ಗೊತ್ತಿಲ್ಲದವರಿಗೆ ಅದು ಎದುರಾಗುವುದೇ ಇಲ್ಲ. ಕನ್ನಡ ಹೊಸದಾಗಿ ಕಿವಿಗೆ ಬೀಳುತ್ತಿರುವ ಒಡಿಶಾದ ಅಥವಾ ಬಿಹಾರದ ಕಾರ್ಮಿಕರು ಕನ್ನಡದ ಕಾರ್ಯಕ್ರಮವನ್ನು ಹುಡುಕಿಯೇ ನೋಡುತ್ತಾರೆಂದು ನಿರೀಕ್ಷಿಸಲಾಗದು.

ಆದ್ದರಿಂದ ಸಾರ್ವಜನಿಕ ವಾಹಿನಿಯ ದಿನವನ್ನು ಎರಡು ಅಳತೆಗಳಿಂದ ನೋಡಬೇಕಾಗುತ್ತದೆ. ಕಾನೂನು ಹೆಸರಿಸಿದ ಪ್ರತಿ ವರ್ಗಕ್ಕೂ, ಅವರು ನಿಜಕ್ಕೂ ಟಿವಿಯ ಮುಂದೆ ಇರುವ ಹೊತ್ತಿನಲ್ಲಿ, ಒಂದು ಪಾಲು ಇದೆಯೇ ಎಂಬುದು ಮೊದಲನೆಯದು. ಒಂದು ವರ್ಗಕ್ಕೆಂದು ಮಾಡಿದ ಕಾರ್ಯಕ್ರಮ ಇನ್ನೊಂದು ವರ್ಗದವರ ಕಣ್ಣಿಗೂ ಬೀಳುವಂತೆ ಜೋಡಣೆ ಇದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಮಧ್ಯಾಹ್ನ ಎರಡೂವರೆಗೆ ಮತ್ತು ರಾತ್ರಿ ಹತ್ತೂವರೆಗೆ ನಿಗದಿಯಾದ ಮರುಪ್ರಸಾರ, ಪಿಎಫ್, ಇಎಸ್ಐ, ಓವರ್‌ಟೈಮ್, ಸುರಕ್ಷತೆಯ ಬಗ್ಗೆ ಕೃಷಿ ದರ್ಶನದಷ್ಟೇ ಕ್ರಮಬದ್ಧವಾದ ಕಾರ್ಮಿಕರ ಕಾರ್ಯಕ್ರಮ, ವಾರದ ರಜೆಯ ದಿನಕ್ಕೆ ಧಾರಾವಾಹಿಯ ಕಂತುಗಳ ಒಟ್ಟು ಪ್ರಸಾರ ಇಂಥ ಸಣ್ಣ ಏರ್ಪಾಡುಗಳು ಸಾಕು. ಎರಡನೆಯದಕ್ಕೆ ಒಟಿಟಿಯಲ್ಲೂ ಬಿಡಿ ಕಾರ್ಯಕ್ರಮಗಳ ಜೊತೆಗೆ ಇಡೀ ದಿನದ ಪ್ರಸಾರ ಯಾವ ಹೊತ್ತಿಗೆ ಬೇಕಾದರೂ ಮೊದಲಿನಿಂದ ಸಿಗುವಂತಿರಬೇಕು. ಆಗ ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ ಬಂದವರಿಗೂ ಹಿಂದಿನ ಸಂಜೆ ಇದ್ದ ಕ್ರಮದಲ್ಲೇ ದೊರೆಯುತ್ತದೆ.